ತೊಳೆಯುವ ಮುನ್ನ ಓದಿ: ಸೇನೆಯಲ್ಲಿ ಬಡಗಿಯಾಗಿದ್ದ ಅಪ್ಪ ಬಿಟ್ಟುಹೋದದ್ದು

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ಒಪ್ಪ ಮಾಡುವ ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿದ್ದ ಕಪ್ಪು ಟ್ರಂಕು ಕೆಳಗಿಳಿಯುತ್ತದೆ. ತುಕ್ಕು ಹಿಡಿದ ಉಳಿ, ಗರಗಸ ಗುಜರಿಗೆ ಹೋಗುತ್ತವೆ, ಹಳೇ ಕಾಗದ ಒಲೆಗೆ ಹೋಗುತ್ತದೆ, ಮೆಡಲುಗಳು ಬ್ರಾಸೋ ಹಾಕಿಸಿಕೊಂಡು ಫಳಫಳ ಹೊಳೆಯುತ್ತಾ ಗಾಜಿನ ಫ್ರೇಮು ಸೇರುತ್ತವೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪಟ್ಟಾಳದಲ್ಲಿ ಬಡಗಿ, ಗಾರೆ, ಕಮ್ಮಾರ ಕೆಲಸ ಮಾಡಿ, ಊರಿಗೆ ಬಂದ ಮೇಲೂ ಅದೇ ಕಸುಬಿನಿಂದ ಮನೆ ನಡೆಸಿದ ಅಪ್ಪಂದಿರು ತಮ್ಮ ಬಗ್ಗೆ ಬಾಯಿಬಿಟ್ಟು ಹೇಳಿದ್ದು ಬಹಳ ಕಡಿಮೆ. ಅವರ ಬದುಕು ಬರೆದಿಟ್ಟಿರುವುದು ಆ ಕಾಗದ, ಆ ಪದಕ, ಆ ಹತಾರಗಳಲ್ಲೇ. ಅದನ್ನು ಓದಲು ಬರುತ್ತದೆ. ಓದುವ ಮೊದಲು ತೊಳೆದರೆ, ಹಂಚಿದರೆ, ಬಣ್ಣ ಬಳಿದರೆ ಅರ್ಧ ಅಳಿಸಿಹೋಗುತ್ತದೆ.

ನಮ್ಮ ಕಡೆ ಇಂಥ ಅಪ್ಪಂದಿರಲ್ಲಿ ಅನೇಕರು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಿಂದ ಬಂದವರು. 1780ರಲ್ಲಿ ಮದ್ರಾಸ್ ಪಯೊನಿಯರ್ಸ್ ಎಂದು ಶುರುವಾದ ದಳ ಅದು. ದಕ್ಷಿಣದ ಎಲ್ಲ ಭಾಷೆಯ ಹುಡುಗರೂ ಅಲ್ಲಿಗೆ ಸೇರಿ 'ತಂಬಿ'ಗಳಾದರು. ಅಲ್ಲಿ ಬಡಗಿ ಎಂದರೆ ಬರೀ ಬಡಗಿಯಲ್ಲ. ಮೊದಲು ಡ್ರಿಲ್ಲು ಮತ್ತು ರೈಫಲ್ಲು, ಆಮೇಲೆ ಸೇತುವೆ ಕಟ್ಟುವುದು, ಮೈನು ಹೂಳುವುದು, ತೆಗೆಯುವುದು, ಸ್ಫೋಟಕ ಇಡುವುದು, ಇವೆಲ್ಲ ಆದ ಮೇಲೆ ಕಸುಬಿನ ತರಬೇತಿ. ಬಿಡಿ ಭಾಗಗಳನ್ನು ತಂದು ಸ್ಥಳದಲ್ಲೇ ಜೋಡಿಸುವ ಬೈಲಿ ಸೇತುವೆಯ ಒಂದು ಉಕ್ಕಿನ ಪ್ಯಾನೆಲ್ಲು 10 ಅಡಿ ಉದ್ದ, ಸುಮಾರು 5 ಅಡಿ ಎತ್ತರ, ತೂಕ ಸುಮಾರು 260 ಕೆ.ಜಿ. ಅದನ್ನು ಆರು ಜನ ದಂಡಿಗೆ ಹಾಕಿ, ಒಂದೇ ದನಿಗೆ ಒಂದೇ ಹೆಜ್ಜೆಯಲ್ಲಿ ಎತ್ತಬೇಕು. ಪಕ್ಕದ ಪ್ಯಾನೆಲ್ಲಿನ ತೂತಿಗೆ ತೂತು ಸರಿಯಾಗಿ ಕೂತಾಗ ಪಿನ್ನು ಹೊಡೆಯಬೇಕು. ತೂತು ಕೂತಿದೆಯೋ ಎಂದು ಬೆರಳಿಟ್ಟು ನೋಡಿದವನ ಬೆರಳು ಹೋಯಿತೆಂದೇ ಲೆಕ್ಕ. ಮುದಿ ವಯಸ್ಸಿನಲ್ಲೂ ಅಪ್ಪ ಭಾರ ಎತ್ತುವಾಗ ಎದುರಿನವನ ಮುಖ ನೋಡಿ, ಒಂದು ಮಾತು ಕೊಟ್ಟೇ ಎತ್ತುತ್ತಿದ್ದರೆ ಆ ಅಭ್ಯಾಸ ಎಲ್ಲಿಂದ ಬಂತೆಂದು ಈಗ ಗೊತ್ತಾಗುತ್ತದೆ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಪುಸ್ತಕ. ಅಪ್ಪನ ನಂಬರು, ರ್‍ಯಾಂಕು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಟ್ರೇಡು ಅಂದರೆ ಕಸುಬು, ಪದಕಗಳು, ನಡತೆ ಎಲ್ಲ ಅದರಲ್ಲಿದೆ. ನಂಬರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅಂಕಿಗಳನ್ನು ಯಾರಾದರೂ ತಪ್ಪಾಗಿ ಬರೆದುಕೊಂಡರೆ ಹಿಡಿಯಲಿಕ್ಕೆಂದು ಇಟ್ಟ ಅಕ್ಷರ ಅದು. ಅದನ್ನು ಬಿಟ್ಟು ಬರೆದರೆ ರೆಕಾರ್ಡ್ಸ್ ಆಫೀಸಿನ ಜೊತೆಗಿನ ಪತ್ರ ವ್ಯವಹಾರ ತಿಂಗಳುಗಟ್ಟಲೆ ಎಳೆಯಬಹುದು. ಹೆಸರಿನ ಕಾಗುಣಿತವನ್ನು ಪುಸ್ತಕದಲ್ಲಿ ಇದ್ದಂತೆಯೇ ನಕಲು ಮಾಡಿಕೊಳ್ಳಿ. ಕನ್ನಡ ಬಾರದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದು ಶಾಲೆಯ ಸರ್ಟಿಫಿಕೇಟಿಗೂ ಪಹಣಿಗೂ ತಾಳೆಯಾಗದಿರುವುದು ಮಾಮೂಲು. ಹುಟ್ಟಿದ ದಿನವೂ ಹಾಗೆಯೇ. ಎರಡು ತಾರೀಕಿದ್ದರೆ ಎರಡನ್ನೂ ಬರೆದಿಡಿ, ಯಾವುದು ಎಲ್ಲಿನದು ಎಂಬುದನ್ನೂ ಬರೆಯಿರಿ.

ಸೇವೆಯ ಲೆಕ್ಕದಲ್ಲಿ ಮನೆಯವರು ಸಾಮಾನ್ಯವಾಗಿ ಎಡವುವುದು ಒಂದು ಕಡೆ. ಹಿಂದೆ ಭರ್ತಿಯಾದವರ ಕರಾರಿನಲ್ಲಿ ಕಲರ್ ಸರ್ವಿಸ್, ರಿಸರ್ವ್ ಸರ್ವಿಸ್ ಎಂದು ಎರಡು ಭಾಗವಿತ್ತು, ಉದಾಹರಣೆಗೆ 7 ವರ್ಷ ಮತ್ತು 8 ವರ್ಷ. ಮೊದಲನೆಯದು ಸಮವಸ್ತ್ರದಲ್ಲಿ ಕಳೆದದ್ದು. ಎರಡನೆಯದರಲ್ಲಿ ಮನುಷ್ಯ ಊರಲ್ಲೇ ಇರುತ್ತಿದ್ದ, ಕರೆ ಬಂದರೆ ಹೋಗಬೇಕಿತ್ತು. ಹಾಗಾಗಿ '15 ವರ್ಷ ಮಿಲ್ಟ್ರಿಯಲ್ಲಿದ್ದರು' ಎಂದು ಮನೆಯಲ್ಲಿ ಹೇಳಿಕೊಂಡು ಬಂದದ್ದಕ್ಕೂ, ಅದೇ ಅವಧಿಯಲ್ಲಿ ಊರಿನ ಶಾಲೆಗೆ ಬೆಂಚು ಮಾಡಿಕೊಟ್ಟ ರಶೀದಿ ಸಿಗುವುದಕ್ಕೂ ವಿರೋಧವಿಲ್ಲ. ರಿಸರ್ವಿಗೆ ಹೋದ ದಿನ, ಪೂರ್ತಿ ಬಿಡುಗಡೆಯಾದ ದಿನ ಎರಡನ್ನೂ ಹುಡುಕಿ.

ಕ್ವಾಲಿಫೈ ಆಗದ ಸೇವೆ, ಅಂದರೆ ಲೆಕ್ಕಕ್ಕೆ ಬಾರದ ಸೇವೆ ಎಂದು ಕೆಲವು ದಿನಗಳನ್ನು ಕಳೆದಿದ್ದರೆ ಎದೆ ಒಡೆದುಕೊಳ್ಳಬೇಕಿಲ್ಲ. ರಜೆ ಮುಗಿದ ಮೇಲೂ ಊರಲ್ಲೇ ಉಳಿದ ದಿನಗಳು ಹೀಗೆ ಕಳೆದುಹೋಗುತ್ತವೆ. ಆ ವರ್ಷ, ಆ ತಿಂಗಳು ಮನೆಯಲ್ಲಿ ಏನಾಯಿತೆಂದು ಅಮ್ಮನನ್ನೋ ಅತ್ತೆಯನ್ನೋ ಕೇಳಿ. ಹೆರಿಗೆಯೋ, ನಾಟಿಯೋ, ತಾತನ ಕಾಯಿಲೆಯೋ ಹೊರಗೆ ಬರುತ್ತದೆ. ಅಪ್ಪ ಶಿಕ್ಷೆ ಉಣ್ಣುವುದಕ್ಕೆ ತಯಾರಾಗಿಯೇ ಮನೆಯಲ್ಲಿ ಉಳಿದಿದ್ದರು ಎನ್ನುವುದು ಯಾವ ಪದಕಕ್ಕೂ ಕಡಿಮೆಯಲ್ಲದ ಸಂಗತಿ ಎಂದು ನನಗನ್ನಿಸುತ್ತದೆ.

ಡಿಸ್ಚಾರ್ಜ್ ಬುಕ್ಕಿನ ಅಸಲನ್ನು ಯಾವ ಕಚೇರಿಗೂ ಕೊಡಬೇಡಿ. ನೋಡಿ ವಾಪಸು ಕೊಡಲಿ, ಬೇಕಿದ್ದರೆ ದೃಢೀಕರಿಸಿದ ನಕಲು ಇಟ್ಟುಕೊಳ್ಳಲಿ. ಪಿಂಚಣಿ ಇಲ್ಲದೆ ಬಂದವರ ಸೇವಾ ದಾಖಲೆಗಳನ್ನು ಸೇನೆ ಸಾಮಾನ್ಯವಾಗಿ 25 ವರ್ಷದ ಮೇಲೆ ನಾಶಮಾಡುತ್ತದೆ. ಹಾಗಾದಾಗ ನಿಮ್ಮ ಕೈಯಲ್ಲಿರುವ ಪುಸ್ತಕವೇ ಕೊನೆಯ ಪ್ರತಿ. ಪಿಂಚಣಿಯವರಾದರೆ ಪಿಪಿಓವನ್ನೂ, ಅಂದರೆ ಪಿಂಚಣಿ ಪಾವತಿಯ ಆದೇಶಪತ್ರವನ್ನೂ ಜೊತೆಗಿಡಿ. ಅದರಲ್ಲಿ ಅಮ್ಮನ ಹೆಸರು ಇದೆಯೇ, ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕುಟುಂಬ ಪಿಂಚಣಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಈ ತಿದ್ದುಪಡಿಗೆ ದಾರಿ ತೋರಿಸುತ್ತಾರೆ. ಅಪ್ಪ ಬದುಕಿರುವಾಗಲೇ ಮಾಡಿಸಿಕೊಂಡರೆ ಸಲೀಸು.

ಇನ್ನು ಪದಕಗಳು. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ನಂಬರು, ರ್‍ಯಾಂಕು, ಹೆಸರು, ದಳದ ಹೆಸರು ಒತ್ತಿರುತ್ತಾರೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯನ್ನೂ ನೋಡಿ. ಓದಲು ನೀರು, ಪುಡಿ ಏನೂ ಬೇಡ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿ. ಅಕ್ಷರದ ಒಂದು ಬದಿ ನೆರಳು ಬಿದ್ದು ಎದ್ದು ಕಾಣುತ್ತದೆ. ಬ್ರಾಸೋ ಎನ್ನುವುದು ಉಜ್ಜಿ ಸವೆಸುವ ದ್ರವ. ಪ್ರತಿ ಸಲ ತಿಕ್ಕಿದಾಗಲೂ ಲೋಹದ ಒಂದು ಪದರ ಹೋಗುತ್ತದೆ, ಮೊದಲು ಮಾಯವಾಗುವುದು ಆ ತೆಳ್ಳನೆಯ ಅಕ್ಷರಗಳೇ. ಸಂದಿಯಲ್ಲಿ ಉಳಿದ ಬಿಳಿ ಪುಡಿ ಕ್ರಮೇಣ ರಿಬ್ಬನ್ನಿಗೂ ಅಂಟುತ್ತದೆ. ಪರೇಡಿಗೆಂದು ಅಪ್ಪನೇ ಹೊಳೆಸುತ್ತಿದ್ದದ್ದು ನಿಜ, ಆದರೆ ಆಗ ಅದನ್ನು ಹೇಳಿ ವಿವರಿಸಲು ಅವರಿದ್ದರು.

ಯಾವ ಪದಕ ಏನು ಹೇಳುತ್ತದೆ ಎನ್ನುವುದರಲ್ಲಿ ಮನೆಗಳಲ್ಲಿ ದೊಡ್ಡ ಗೊಂದಲವಿದೆ. 1971ರ ಯುದ್ಧಕ್ಕೆ ಸಂಗ್ರಾಮ್ ಮೆಡಲ್, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಕೊಟ್ಟರು. ಸಂಗ್ರಾಮ್ ಮೆಡಲ್ ಆ ಅವಧಿಯಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಸಿಕ್ಕಿದ್ದು, ಅದೊಂದೇ ಇದ್ದರೆ ರಣರಂಗಕ್ಕೆ ಹೋಗಿದ್ದರು ಎನ್ನಲಾಗದು. ಪೂರ್ವಿ ಇದ್ದರೆ ಬಾಂಗ್ಲಾದೇಶದ ಕಡೆಯ ಕಾರ್ಯಾಚರಣೆಯ ವಲಯ, ಪಶ್ಚಿಮಿ ಇದ್ದರೆ ಪಾಕಿಸ್ತಾನದ ಗಡಿಯ ಕಡೆ. 1965ಕ್ಕೂ ಇದೇ ಜೋಡಿ: ರಕ್ಷಾ ಮೆಡಲ್ ಸೇವೆಯಲ್ಲಿದ್ದವರಿಗೆ, ಸಮರ್ ಸೇವಾ ಸ್ಟಾರ್ ಕಾರ್ಯಾಚರಣೆಯ ಪ್ರದೇಶದಲ್ಲಿದ್ದವರಿಗೆ. ಸೈನ್ಯ ಸೇವಾ ಮೆಡಲ್ ಇದ್ದರೆ ರಿಬ್ಬನ್ ಮೇಲಿನ ಪಟ್ಟಿ, ಅಂದರೆ ಕ್ಲಾಸ್ಪ್ ಓದಿ. ಜಮ್ಮು-ಕಾಶ್ಮೀರ, ಹಿಮಾಲಯ, ನೇಫಾ (ಈಗಿನ ಅರುಣಾಚಲ ಪ್ರದೇಶ), ಬಂಗಾಳ-ಅಸ್ಸಾಂ ಹೀಗೆ ಎಲ್ಲಿದ್ದರೆಂದು ಅದೇ ಹೇಳುತ್ತದೆ. 25ನೇ ಸ್ವಾತಂತ್ರ್ಯೋತ್ಸವದ ಪದಕವೂ 9 ವರ್ಷದ ದೀರ್ಘ ಸೇವೆಯ ಪದಕವೂ ಯುದ್ಧದ್ದಲ್ಲ. ಇದರಿಂದ ಅಪ್ಪನ ಗೌರವ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಊರಿನ ಸಭೆಯಲ್ಲಿ ಇಲ್ಲದ ಯುದ್ಧವನ್ನು ಅವರ ತಲೆಗೆ ಕಟ್ಟಿದರೆ ಮಾತ್ರ ಇಳಿಯುತ್ತದೆ, ಯಾಕೆಂದರೆ ಅಲ್ಲಿ ಕೂತಿರುವ ಇನ್ನೊಬ್ಬ ಮಾಜಿ ಸೈನಿಕರು ರಿಬ್ಬನ್ ನೋಡಿಯೇ ಹೇಳಬಲ್ಲರು. ಅಂಚಿನಲ್ಲಿ ಬೇರೆಯವರ ನಂಬರಿದ್ದರೆ ಗೆಳೆಯನ ಪದಕ ಅದಲುಬದಲಾಗಿರಬಹುದು, ಆ ಮನೆ ಹುಡುಕಿ ತಲುಪಿಸಿದರೆ ಪುಣ್ಯ. ಏನೂ ಇಲ್ಲದಿದ್ದರೆ ಕಳೆದುಹೋದದ್ದರ ಬದಲಿಗೆ ಅಂಗಡಿಯಲ್ಲಿ ಕೊಂಡದ್ದಿರಬಹುದು.

ಅಪ್ಪ ಸೇನೆಯಲ್ಲಿದ್ದಾಗಿನ ನೀಲಿ ಇನ್‌ಲ್ಯಾಂಡ್ ಪತ್ರಗಳ ಮೇಲೆ ಅವರಿದ್ದ ಊರಿನ ಹೆಸರು ಇರುವುದಿಲ್ಲ. '56 ಎಪಿಓ' ಅಥವಾ '99 ಎಪಿಓ' ಇರುತ್ತದೆ, ಎಪಿಓ ಎಂದರೆ ಸೇನೆಯ ಅಂಚೆ ಕಚೇರಿ. 56ರ ಟಪಾಲು ದೆಹಲಿಯ ಮೂಲಕ, 99ರದ್ದು ಕಲ್ಕತ್ತೆಯ ಮೂಲಕ ಹೋಗುತ್ತಿತ್ತು. ಹಾಗಾಗಿ 99 ಎಂದಿದ್ದರೆ ಪೂರ್ವದ ಕಡೆ ಎಂದು ತಿಳಿಯಬಹುದು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ 9ರಿಂದ ಶುರುವಾಗುವ ಪಿನ್ ಇದ್ದರೆ ಪತ್ರ ಅದರ ನಂತರದ್ದು. ಮನಿ ಆರ್ಡರ್ ಕೂಪನ್ನಿನ ಅಂಗೈಯಗಲದ ಜಾಗದಲ್ಲಿ ಬರೆದ ಎರಡು ಸಾಲು ಕೆಲವೊಮ್ಮೆ ಇಡೀ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ, ಅದನ್ನು ರಶೀದಿಯೆಂದು ಎಸೆಯಬೇಡಿ. ಫೋಟೋಗಳಲ್ಲಿ ತೋಳಿನ ಪಟ್ಟಿ ಎಣಿಸಿ: ಒಂದು ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಕಾಗದದಲ್ಲಿ 'ಜಮಾದಾರ್' ಎಂಬ ರ್‍ಯಾಂಕು ಕಂಡರೆ ಅದು 1965ರ ಆಸುಪಾಸಿಗಿಂತ ಹಿಂದಿನದು, ಆಮೇಲೆ ಅದೇ ನಾಯಬ್ ಸುಬೇದಾರ್ ಆಯಿತು.

ಟ್ರಂಕಿಗೆ ಹೊಸ ಬಣ್ಣ ಬಳಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, ಯೂನಿಟ್ ಬರೆದಿರುತ್ತದೆ. ಬೇರೆ ಯೂನಿಟ್ಟಿಗೆ ಹೋದಾಗ ಕಪ್ಪು ಬಳಿದು ಹೊಸದು ಬರೆಯುತ್ತಿದ್ದರು. ಹಳೆಯ ಅಕ್ಷರದ ದಪ್ಪ ಬಣ್ಣದ ಕೆಳಗೆ ಹಾಗೇ ಉಳಿದಿರುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಮುಚ್ಚಳಕ್ಕೆ ಸಮನಾಗಿ ಮಲಗಿಸಿ ಹಿಡಿದರೆ ಮೇಲಿನ ಸಾಲಿನ ಅಡಿಯಿಂದ ಇನ್ನೊಂದು ಯೂನಿಟ್ಟಿನ ಹೆಸರು, ಅದರಡಿ ಮತ್ತೊಂದು, ಉಬ್ಬಿ ಕಾಣುತ್ತವೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ವಿವರ ಹೀಗೆ ಸಿಗಬಹುದು. ನಾಲ್ಕೈದು ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆದುಕೊಳ್ಳಿ.

ಹತಾರಗಳ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ, ಯಾಕೆಂದರೆ ಸೇನೆ ಇವುಗಳ ಲೆಕ್ಕ ಇಟ್ಟಿಲ್ಲ.

ಉಳಿ ತೆಗೆದುಕೊಳ್ಳಿ. ಹೊಸತರಲ್ಲಿ ಅಲಗು ಐದು ಇಂಚಿನ ಸುಮಾರಿಗೆ ಇರುತ್ತದೆ. ಅದು ಎರಡೂವರೆಗೆ ಬಂದಿದ್ದರೆ ಮಿಕ್ಕದ್ದೆಲ್ಲ ಸಾಣೆಕಲ್ಲಿನ ಮೇಲೆ ಹೋಗಿದೆ, ಅಂದರೆ ವರ್ಷಗಳ ಕೆಲಸ. ಬಾಯಿ ಒಂದು ಬದಿಗೆ ವಾರೆಯಾಗಿದ್ದರೆ ಹರಿತ ಮಾಡುವಾಗ ಯಾವ ಬೆರಳಿನ ಒತ್ತು ಹೆಚ್ಚಿತ್ತೆಂದು ತಿಳಿಯುತ್ತದೆ. ಬಾಯಿಯ ಇಳಿಜಾರು, ಅಂದರೆ ಓರೆ ಸುಮಾರು 25 ಡಿಗ್ರಿ, ತುದಿಯಲ್ಲಿ ಕೂದಲಗಲದ ಇನ್ನೊಂದು ಓರೆ 30 ಡಿಗ್ರಿ, ಬೆನ್ನು ಕನ್ನಡಿಯ ಹಾಗೆ ಮಟ್ಟ: ಇದು ಕ್ರಮವಾಗಿ ಕಲಿತ ಕೈ. ಗಟ್ಟಿ ಮರದ ಕೆಲಸವೇ ಹೆಚ್ಚಿದ್ದವರು ಓರೆಯನ್ನು ಇನ್ನೂ ದಪ್ಪ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಬಾಯಿ ಚಿಪ್ಪು ಏಳುತ್ತದೆ. ಹಿಡಿಯ ತುದಿ ನೋಡಿ. ಮರದ ಕೊಡತಿಯಿಂದಲೇ ಹೊಡೆದದ್ದಾದರೆ ದುಂಡಗೆ ನಯವಾಗಿರುತ್ತದೆ. ಸುತ್ತಿಗೆಯಿಂದ ಹೊಡೆದದ್ದಾದರೆ ನಾರು ನಾರಾಗಿ ಕಿತ್ತು ಅಂಚು ಹೊರಚಾಚಿರುತ್ತದೆ. ಹಿಡಿಯ ಮೇಲೆ ಕಾಯಿಸಿದ ಮೊಳೆಯಿಂದ ಸುಟ್ಟ ಅಕ್ಷರವೋ ಗೀರೋ ಇದ್ದರೆ, ಹಲವು ಜನ ಒಟ್ಟಿಗಿದ್ದ ಕೆಲಸದ ಜಾಗದಲ್ಲಿ ತನ್ನದು ಗುರುತಿಗೆ ಸಿಗಲೆಂದು ಹಾಕಿಕೊಂಡದ್ದು. ಇದನ್ನು ಗ್ರೈಂಡರಿಗೆ ಕೊಟ್ಟು 'ಹೊಸದರ ಹಾಗೆ' ಮಾಡಿಸಿದರೆ ಎರಡು ನಷ್ಟ: ಓರೆ ಹೋಗುತ್ತದೆ, ಮತ್ತು ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಇಳಿದು ಇನ್ನೆಂದೂ ಹರಿತ ನಿಲ್ಲುವುದಿಲ್ಲ.

ಹಲಗೆ ಹೆರೆದು ನಯಮಾಡುವ ಮರದ ಹತ್ತರಿಯ ತಳ ಬಾಯಿಯ ಮುಂದೆ ಹೆಚ್ಚು ಸವೆಯುತ್ತದೆ. ಅಲ್ಲಿ ಬೀಟೆಯದೋ ಬೇರೆ ಗಟ್ಟಿ ಮರದ್ದೋ ಚೌಕ ತುಂಡೊಂದನ್ನು ಕೂರಿಸಿದ್ದರೆ ಅಪ್ಪ ಹತಾರ ಬದಲಿಸದೆ ದುರಸ್ತಿ ಮಾಡಿಕೊಂಡು ಬಂದಿದ್ದಾರೆ. ಮೂಲೆಮಟ್ಟವನ್ನು ಪರೀಕ್ಷಿಸುವುದು ಸುಲಭ: ನೇರ ಅಂಚಿನ ಹಲಗೆಗೆ ಒತ್ತಿ ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಅದು ಇಂದಿಗೂ ಸರಿ, ಅಂದರೆ ಒಂದು ಸಲವೂ ಅದನ್ನು ಕೆಳಗೆ ಬೀಳಲು ಬಿಟ್ಟಿಲ್ಲ ಅಥವಾ ಬಿದ್ದಾಗ ಸರಿಮಾಡಿಟ್ಟಿದ್ದಾರೆ. ಗರಗಸದ ಹಲ್ಲು ಪುಟ್ಟ ಉಳಿಗಳಂತಿದ್ದರೆ ಉದ್ದಕ್ಕೆ ಸೀಳುವುದು, ಚಾಕುವಿನಂತೆ ಚೂಪಿದ್ದರೆ ಅಡ್ಡ ಕೊಯ್ಯುವುದು. ಎರಡೂ ಇದ್ದು ಎರಡೂ ಸವೆದಿದ್ದರೆ ದಿಮ್ಮಿಯಿಂದ ಹಿಡಿದು ಬಾಗಿಲಿನವರೆಗೆ ಕೈಯಲ್ಲೇ ಮಾಡಿದವರು.

ಲೆಕ್ಕದ ನೋಟ್‌ಬುಕ್ ಸಿಕ್ಕರೆ ಅದು ದೊಡ್ಡ ಆಸ್ತಿ. '5×3, 21' ಎಂದು ಬರೆದು ಪಕ್ಕದಲ್ಲಿ '2.19' ಇದ್ದರೆ ಅದು ಮುಂಬಾಗಿಲಿನ ಚೌಕಟ್ಟಿನ ಮರ. 7 ಅಡಿಯ ಎರಡು ನಿಲುವು, ಮೂರೂವರೆ ಅಡಿಯ ಹೊಸ್ತಿಲು, ಅಷ್ಟೇ ಉದ್ದದ ಮೇಲಿನ ಪಟ್ಟಿ, ಒಟ್ಟು 21 ಅಡಿ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. '4–3' ಎಂದಿದ್ದರೆ ನಾಲ್ಕು ಅಡಿ ಮೂರು ಇಂಚೂ ಆಗಬಹುದು, ನಾಲ್ಕು ಇಂಚು ಮೂರು ನೂಲೂ ಆಗಬಹುದು. ಇಂಚಿನಲ್ಲಿ ಎಂಟು ನೂಲು. ಪಕ್ಕದ ಸಾಲು ನೋಡಿ ತೀರ್ಮಾನಿಸಿ. ಮನೆಯ ಉದ್ದಗಲದ ಜೊತೆ ವಾಸ್ತುವಿನ ಆಯದ ಲೆಕ್ಕವೂ ಅದೇ ಪುಟದಲ್ಲಿದ್ದರೆ ಪಟ್ಟಾಳದ ಡ್ರಾಯಿಂಗೂ ಊರಿನ ಆಚಾರಿಯ ಪದ್ಧತಿಯೂ ಒಂದೇ ತಲೆಯಲ್ಲಿ ಜೊತೆಗಿದ್ದವು ಎಂದಾಯಿತು. ಗಿರಾಕಿಗಳ ಹೆಸರಿದ್ದರೆ ಅವರ ಮನೆಗೆ ಹೋಗಿ ಬಾಗಿಲು ನೋಡಿ ಬನ್ನಿ. ಡ್ರಾಯರ್ ಹೊರಗೆಳೆದು ತಳ ನೋಡಿ, ಮೇಜು ಮಗುಚಿ ನೋಡಿ. ಯಾರಿಗೂ ಕಾಣದ ಆ ಜಾಗದಲ್ಲೇ ಬಡಗಿಗಳು ಪೆನ್ಸಿಲಿನಲ್ಲಿ ಅಳತೆ, ಜೋಡಿಯ ಗುರುತು, ಕೆಲವೊಮ್ಮೆ ತಾರೀಕು ಬರೆದಿರುತ್ತಾರೆ.

ಅವರು ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯಾದರೆ ತಕ್ಷಣ ಹತ್ತರಿ ಹೊಡೆಸಬೇಡಿ. ಮರ ತೇವ ಕುಡಿದು ಉಬ್ಬಿದೆ. ಜುಲೈನಲ್ಲಿ ಕೆತ್ತಿದ್ದು ಮಾರ್ಚಿಗೆ ಸಂದಿಯಾಗುತ್ತದೆ. ಮೊದಲು ಕೀಲಿನ ಸ್ಕ್ರೂ ಸಡಿಲವಾಗಿ ಬಾಗಿಲು ಜೋತಿದೆಯೇ ನೋಡಿ, ಉಜ್ಜುವ ಕಡೆ ಮೇಣದಬತ್ತಿ ತಿಕ್ಕಿ. ನಡುವಿನ ಹಲಗೆ ಅಲುಗಾಡಿದರೆ ಅಂಟು ಹಾಕಿ ಭದ್ರ ಮಾಡಲು ಹೋಗಬೇಡಿ. ಚೌಕಟ್ಟಿನಲ್ಲಿ ಕೊರೆದ ಸಂದಿಯೊಳಗೆ ಅದು ಹಿಗ್ಗಿ ಕುಗ್ಗಲೆಂದೇ ಸಡಿಲ ಬಿಟ್ಟಿರುತ್ತಾರೆ, ಅಂಟಿಸಿದರೆ ಮುಂದಿನ ಬೇಸಿಗೆಗೆ ಹಲಗೆ ನಡುವೆಯೇ ಸೀಳುತ್ತದೆ.

ಎಲ್ಲವನ್ನೂ ಓದಿ, ಫೋಟೋ ತೆಗೆದ ಮೇಲೆ ಕಾಪಿಡುವ ಕೆಲಸ. ಕಬ್ಬಿಣದ ಹತಾರವನ್ನು ಹಿಡಿ ಬಿಟ್ಟು ಅಲಗು ಮಾತ್ರ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಇಡಿ, ಮರುದಿನ ತೀರಾ ನಯವಾದ, ಅಂದರೆ 0000 ನಂಬರಿನ ಸ್ಟೀಲ್ ಉಣ್ಣೆಯಿಂದ ಹಗುರವಾಗಿ ಉಜ್ಜಿ. ಕೆಂಪು ತುಕ್ಕು ಹೋಗಬೇಕು, ಅಡಿಯ ಕಪ್ಪು ಬಣ್ಣ ಉಳಿಯಲಿ. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರಿ ಮತ್ತೆ ತುಕ್ಕು. ಹಿಡಿಗೆ ವಾರ್ನಿಶ್ ಬೇಡ, ಅಗಸೆ ಎಣ್ಣೆ ತೆಳ್ಳಗೆ ಸಾಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ.

ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಅದರ ಬಿಸಿ ಮತ್ತು ಅಂಟನ್ನು ಇನ್ನೆಂದೂ ಬಿಡಿಸಲಾಗದು, ಕಾಗದ ಒಳಗೇ ಹಳದಿಯಾಗುತ್ತದೆ. ತುಕ್ಕು ಹಿಡಿದ ಸ್ಟೇಪಲ್ ಪಿನ್ನುಗಳನ್ನು ಬಿಡಿಸಿ ತೆಗೆಯಿರಿ. ಪಾಲಿಯೆಸ್ಟರ್ ಕವರು ಸಿಕ್ಕರೆ ಅದರಲ್ಲಿ, ಇಲ್ಲವೇ ಒಳ್ಳೆಯ ದಪ್ಪ ಬಿಳಿ ಕಾಗದದ ನಡುವೆ ಇಡಿ. ಬರವಣಿಗೆಯನ್ನು 300 ಡಿಪಿಐನಲ್ಲಿ, ಫೋಟೋಗಳನ್ನು 600ರಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಸೇರಿಸಿ. ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ.

ಅಪ್ಪ ಇನ್ನೂ ಇದ್ದರೆ ಇದನ್ನೆಲ್ಲ ಅವರ ಜೊತೆ ಕೂತೇ ಮಾಡಿ. 'ಮಿಲ್ಟ್ರಿ ಹೇಗಿತ್ತು ಅಪ್ಪಾ' ಎಂದರೆ 'ಚೆನ್ನಾಗಿತ್ತು' ಎಂದು ಮುಗಿಸುತ್ತಾರೆ. ಉಳಿ ಕೈಗೆ ಕೊಟ್ಟು, 'ಇದನ್ನ ಎಲ್ಲಿ ತಗೊಂಡ್ರಿ, ಆಗ ಎಷ್ಟಾಯ್ತು, ಅಲ್ಲಿ ಯಾವ ಮರ ಸಿಗೋದು, ಗರಗಸದ ಆ ಕಡೆ ಯಾರು ಹಿಡೀತಿದ್ರು' ಎಂದು ಕೇಳಿ, ಮೊಬೈಲ್ ರೆಕಾರ್ಡರ್ ಹಾಕಿ ಪಕ್ಕಕ್ಕಿಡಿ. ಆ ಕಡೆ ಹಿಡಿಯುತ್ತಿದ್ದವನ ಹೆಸರು ಬಂದ ಮೇಲೆ ಮಾತು ತಾನಾಗಿಯೇ ಮುಂದುವರಿಯುತ್ತದೆ. ಯುದ್ಧದ ಪ್ರಶ್ನೆಗೆ ಸುಮ್ಮನಾದರೆ ಒತ್ತಾಯ ಬೇಡ, ಮರದ ಮಾತಿಗೇ ವಾಪಸು ಬನ್ನಿ.

ಕೊನೆಗೆ ಹತಾರ ಯಾರಿಗೆ ಎನ್ನುವ ಪ್ರಶ್ನೆ. ಹಿಡಿಯನ್ನು ಅವರೇ ಮಾಡಿಕೊಂಡ, ಗುರುತು ಸುಟ್ಟ ಎರಡು ಮೂರನ್ನು ಮನೆಯಲ್ಲಿಟ್ಟುಕೊಳ್ಳಿ. ಮಿಕ್ಕದ್ದನ್ನು ಕೈಕೆಲಸ ಇನ್ನೂ ಬಿಡದ ಬಡಗಿಗೆ ಕೊಡಿ, ಗಾಜಿನ ಬೀರುವಿಗಿಂತ ಅಲ್ಲಿ ಅವಕ್ಕೆ ಆಯಸ್ಸು ಹೆಚ್ಚು. ಕೊಡುವಾಗ ಅಪ್ಪನ ಹೆಸರು, ಊರು, ಸೇನೆಯ ಟ್ರೇಡು, ಯಾವ ವರ್ಷದಿಂದ ಯಾವ ವರ್ಷದವರೆಗೆ ಈ ಹತಾರ ದುಡಿಯಿತು ಎಂದು ಒಂದು ಚೀಟಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ. ಹರಿತ ಮಾಡುವಾಗ ಹಳೆಯ ಓರೆಯನ್ನೇ ಹಿಡಿದು ಹೋಗಿ ಎಂದು ಅವರಿಗೆ ಒಂದು ಮಾತು ಹೇಳಿ.